‘ಮರೆತುಬಿಡು’ ಅನ್ನುವುದು ಮದ್ದಲ್ಲ: ಕಣ್ಣಾಡಿಸುವ ಚಿಕಿತ್ಸೆಯ ನೂರು ವರ್ಷದ ಕತೆ

ಊರಿನಲ್ಲಿ ಯಾರಿಗಾದರೂ ದೊಡ್ಡ ಪೆಟ್ಟು ಬಿದ್ದಾಗ ಜನ ಕೈಕಟ್ಟಿ ಕೂರುವುದಿಲ್ಲ. ಬೈಕಿನಲ್ಲಿ ಜೊತೆಗೆ ಬಂದ ಗೆಳೆಯ ಕಣ್ಣೆದುರೇ ತೀರಿಹೋದ ಹುಡುಗನಿರಲಿ, ಹೊಳೆ ಉಕ್ಕಿ ರಾತ್ರೋರಾತ್ರಿ ಮನೆ ಕಳೆದುಕೊಂಡ ಕುಟುಂಬವಿರಲಿ, ಅಕ್ಕಪಕ್ಕದವರು ಅಡುಗೆ ಮಾಡಿ ತಂದುಕೊಡುತ್ತಾರೆ, ದನಕರು ನೋಡಿಕೊಳ್ಳುತ್ತಾರೆ, ರಾತ್ರಿ ಜೊತೆಗೆ ಮಲಗುತ್ತಾರೆ. ಇದು ನಮ್ಮ ಊರುಗಳ ದೊಡ್ಡ ಗುಣ.

ಆದರೆ ಒಂದೆರಡು ತಿಂಗಳು ಕಳೆದ ಮೇಲೆ ಬೇರೆ ಮಾತು ಶುರುವಾಗುತ್ತದೆ. ‘ಆದದ್ದು ಆಗಿಹೋಯ್ತು, ಮರೆತುಬಿಡು. ಮನಸ್ಸು ಗಟ್ಟಿ ಮಾಡ್ಕೊ.’ ಹೇಳುವವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಕೇಳಿಸಿಕೊಂಡವರು ‘ಹೂಂ’ ಅನ್ನುತ್ತಾರೆ. ಆಮೇಲೆ ಆ ವಿಷಯವನ್ನು ಯಾರ ಹತ್ತಿರವೂ ಎತ್ತುವುದಿಲ್ಲ. ರಾತ್ರಿ ಮಾತ್ರ ಬೆಚ್ಚಿ ಏಳುತ್ತಾರೆ. ಕೆಲವರು ಕುಡಿತಕ್ಕೆ ಬೀಳುತ್ತಾರೆ. ಕೆಲವರಿಗೆ ‘ಗಾಳಿ ಸೋಕಿದೆ’ ಎಂದು ಯಂತ್ರ ಕಟ್ಟಿಸುತ್ತಾರೆ.

ಈ ‘ಮರೆತುಬಿಡು’ ಎಂಬ ಸಲಹೆ ನಮ್ಮ ಊರಿನದು ಮಾತ್ರ ಅಲ್ಲ. ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ಡಾಕ್ಟರುಗಳೂ ಇದನ್ನೇ ಹೇಳುತ್ತಿದ್ದರು. ಅದು ಕೆಲಸ ಮಾಡುವುದಿಲ್ಲ ಎಂದು ಗೊತ್ತಾಗಲು ಒಂದು ಮಹಾಯುದ್ಧ ಬೇಕಾಯಿತು. ಅಲ್ಲಿಂದ ಹೊರಟ ದಾರಿ ಕೊನೆಗೆ ಒಂದು ವಿಚಿತ್ರ ಚಿಕಿತ್ಸೆಯವರೆಗೆ ಬಂತು. ಅದರಲ್ಲಿ ಚಿಕಿತ್ಸಕರು ಎದುರು ಕೂತು ಎರಡು ಬೆರಳನ್ನು ಅತ್ತಿತ್ತ ಆಡಿಸುತ್ತಾರೆ, ನೊಂದವರು ತಮ್ಮ ಅತಿ ಕೆಟ್ಟ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಕಣ್ಣಿನಿಂದ ಆ ಬೆರಳನ್ನು ಹಿಂಬಾಲಿಸುತ್ತಾರೆ. ಇದರ ಹೆಸರು ಇಎಂಡಿಆರ್. ಮೊದಲ ಸಲ ಕೇಳಿದವರಿಗೆ ಮಂತ್ರವಾದಿಯ ಆಟದ ಹಾಗೆ ಕಾಣುತ್ತದೆ. ಆದರೂ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. ಇದು ಹೇಗಾಯಿತು ಎಂಬ ಕತೆಯನ್ನು ಇವತ್ತು ಹೇಳುತ್ತೇವೆ.

ಬೂದಿ ಮುಚ್ಚಿದ ಕೆಂಡ

ಮೊದಲು ಕಾಯಿಲೆಯನ್ನು ತಿಳಿದುಕೊಳ್ಳೋಣ. ನಮ್ಮ ಸಾಮಾನ್ಯ ನೆನಪುಗಳು ದಿನ ಕಳೆದಂತೆ ಹಳೆಯದಾಗುತ್ತವೆ. ಹತ್ತು ವರ್ಷದ ಹಿಂದಿನ ಜಾತ್ರೆ ನೆನಪಿಗೆ ಬಂದರೆ ‘ಆಗ ಹಾಗಿತ್ತು’ ಅನ್ನಿಸುತ್ತದೆ. ಆದರೆ ಜೀವಕ್ಕೇ ಕುತ್ತು ತಂದ ಘಟನೆಯ ನೆನಪು ಕೆಲವರಲ್ಲಿ ಹಳೆಯದಾಗುವುದೇ ಇಲ್ಲ. ಅದು ಬೂದಿ ಮುಚ್ಚಿದ ಕೆಂಡ. ಲಾರಿಯ ಹಾರ್ನ್, ಸುಟ್ಟ ಟೈರಿನ ವಾಸನೆ, ಮಳೆಯ ಸದ್ದು ಹೀಗೆ ಏನೋ ಒಂದು ತಗುಲಿದರೆ ಸಾಕು, ಆ ಕ್ಷಣ ಈಗಲೇ ನಡೆಯುತ್ತಿದೆ ಅನ್ನಿಸುತ್ತದೆ. ಎದೆ ಬಡಿದುಕೊಳ್ಳುತ್ತದೆ, ಕೈಕಾಲು ತಣ್ಣಗಾಗುತ್ತವೆ.

ಇದರ ಜೊತೆಗೆ ಕೆಟ್ಟ ಕನಸು, ನಿದ್ದೆಗೆಡುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಆ ಜಾಗ ಆ ರಸ್ತೆ ಆ ಮಾತು ಯಾವುದೂ ಬೇಡ ಎಂದು ತಪ್ಪಿಸಿಕೊಂಡು ತಿರುಗುವುದು, ‘ತಪ್ಪೆಲ್ಲ ನನ್ನದೇ’ ಎಂದು ಕೊರಗುವುದು ಸೇರುತ್ತವೆ. ಇದೆಲ್ಲ ತಿಂಗಳಿಗಿಂತ ಹೆಚ್ಚು ಕಾಲ ಉಳಿದು ಬದುಕನ್ನೇ ಕೆಡಿಸಿದರೆ ಡಾಕ್ಟರುಗಳು ಅದನ್ನು ಪಿಟಿಎಸ್‌ಡಿ ಅನ್ನುತ್ತಾರೆ, ಅಂದರೆ ಆಘಾತದ ನಂತರ ಉಳಿದುಕೊಳ್ಳುವ ಮನಸ್ಸಿನ ಕಾಯಿಲೆ. ಆಘಾತ ಕಂಡ ಎಲ್ಲರಿಗೂ ಇದು ಬರುವುದಿಲ್ಲ. ಹೆಚ್ಚಿನವರು ಮನೆಯವರ ಆಸರೆಯಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಬಂದವರಿಗೆ ಮಾತ್ರ ಗಟ್ಟಿ ಮನಸ್ಸು ಮಾಡಿಕೊಂಡ ಮಾತ್ರಕ್ಕೆ ಹೋಗುವುದಿಲ್ಲ.

ಕಂದಕದಿಂದ ಬಂದ ಸೈನಿಕರು

1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಯಿತು. ಸೈನಿಕರು ತಿಂಗಳುಗಟ್ಟಲೆ ಕಂದಕಗಳಲ್ಲಿ ಕೂತು ಮೇಲೆ ಬೀಳುವ ಶೆಲ್ಲುಗಳ ಕೆಳಗೆ ದಿನ ನೂಕಿದರು. ಕೆಲವೇ ತಿಂಗಳಲ್ಲಿ ಆಸ್ಪತ್ರೆಗಳಿಗೆ ಹೊಸ ಬಗೆಯ ರೋಗಿಗಳು ಬರತೊಡಗಿದರು. ಮೈಮೇಲೆ ಗಾಯವಿಲ್ಲ, ಆದರೆ ಮಾತು ನಿಂತಿದೆ. ಕಣ್ಣು ಸರಿಯಿದೆ, ಆದರೆ ಕಾಣುತ್ತಿಲ್ಲ. ಕೈ ನಡುಗುವುದು ನಿಲ್ಲುವುದೇ ಇಲ್ಲ. ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 1915ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಾಗ ‘ಶೆಲ್ ಶಾಕ್’ ಎಂಬ ಹೆಸರು ಬಳಸಿದರು. ಬ್ರಿಟಿಷ್ ಸೇನೆಯೊಂದರಲ್ಲೇ ಸುಮಾರು 80,000 ಇಂಥ ಪ್ರಕರಣಗಳು ಎಂದು ಲೆಕ್ಕ ಹೇಳುತ್ತಾರೆ.

ಸೇನೆಗೆ ಇದು ಕಾಯಿಲೆ ಎಂದು ಒಪ್ಪಲು ಮನಸ್ಸಿರಲಿಲ್ಲ. ಹಲವರಿಗೆ ಇದು ಹೇಡಿತನ, ನಾಟಕ. ಲಂಡನ್ನಿನ ಲೂಯಿಸ್ ಯೆಲ್ಯಾಂಡ್ ಎಂಬ ವೈದ್ಯ ಮಾತು ನಿಂತ ಸೈನಿಕರಿಗೆ ಗಂಟಲಿಗೆ ಕರೆಂಟು ಕೊಟ್ಟು ಮಾತಾಡಿಸುತ್ತಿದ್ದ. ಓಡಿಹೋದರು, ಹೆದರಿದರು ಎಂಬಂಥ ಆರೋಪದ ಮೇಲೆ ಸೇನೆ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಶೆಲ್ ಶಾಕ್ ಆದವರೂ ಇದ್ದರು. ಹಾಗೆ ಸತ್ತ 306 ಮಂದಿಗೆ ಬ್ರಿಟನ್ ಕ್ಷಮಾದಾನ ಕೊಟ್ಟಿದ್ದು 2006ರಲ್ಲಿ. ‘ಮನಸ್ಸು ಗಟ್ಟಿ ಮಾಡ್ಕೊ’ ಎಂಬ ಮಾತು ಅತಿಗೆ ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಆಗ ಬೇರೆ ದಾರಿ ಹಿಡಿದ ವೈದ್ಯರೊಬ್ಬರು ಡಬ್ಲ್ಯು. ಎಚ್. ಆರ್. ರಿವರ್ಸ್. ಇವರ ಹೆಸರು ನಮ್ಮ ಸೀಮೆಯ ಇತಿಹಾಸದಲ್ಲೂ ಬರುತ್ತದೆ. ಗುಂಡ್ಲುಪೇಟೆಯಾಚೆಗಿನ ನೀಲಗಿರಿ ಬೆಟ್ಟಕ್ಕೆ 1901ರ ಹೊತ್ತಿಗೆ ಬಂದು, ತೋಡರ ಬದುಕು, ನೆಂಟಸ್ತಿಕೆ, ಪೂಜೆ ಪದ್ಧತಿಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡು, 1906ರಲ್ಲಿ ದೊಡ್ಡ ಪುಸ್ತಕ ಪ್ರಕಟಿಸಿದವರು ಇವರೇ. ಯುದ್ಧದ ಕಾಲಕ್ಕೆ ಅವರು ಸ್ಕಾಟ್ಲೆಂಡಿನ ಎಡಿನ್‌ಬರೋ ಪಕ್ಕದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಸೇನಾಧಿಕಾರಿಗಳಿಗೆ ಚಿಕಿತ್ಸೆ ಕೊಡುತ್ತಿದ್ದರು.

ಅಲ್ಲಿಗೆ ಬರುವ ಹೆಚ್ಚಿನವರಿಗೆ ಹಿಂದಿನ ಡಾಕ್ಟರು, ಮನೆಯವರು, ಗೆಳೆಯರು ಎಲ್ಲರೂ ಒಂದೇ ಮಾತು ಹೇಳಿ ಕಳಿಸಿರುತ್ತಿದ್ದರು: ಯುದ್ಧದ ಯೋಚನೆ ಮಾಡಬೇಡ, ಒಳ್ಳೆಯದನ್ನು ಯೋಚಿಸು. ಅವರು ಹಗಲೆಲ್ಲ ಹಾಗೇ ತಡೆದು ಹಿಡಿಯುತ್ತಿದ್ದರು. ತಡೆದದ್ದೆಲ್ಲ ರಾತ್ರಿ ಕನಸಿನಲ್ಲಿ ಉಕ್ಕುತ್ತಿತ್ತು. ರಿವರ್ಸ್ ಇದನ್ನು ಗಮನಿಸಿ 1917ರ ಕೊನೆಯಲ್ಲಿ ವೈದ್ಯರ ಸಭೆಯಲ್ಲಿ ಪ್ರಬಂಧ ಓದಿದರು. ನೆನಪನ್ನು ಒತ್ತಿಡುವುದೇ ಕಾಯಿಲೆಯನ್ನು ಬೆಳೆಸುತ್ತಿದೆ ಎಂಬುದು ಅದರ ಸಾರ.

ಅದರಲ್ಲಿ ಅವರು ಒಬ್ಬ ಅಧಿಕಾರಿಯ ವಿಷಯ ಹೇಳುತ್ತಾರೆ. ಆತ ಸ್ಫೋಟದಲ್ಲಿ ಛಿದ್ರವಾದ ಗೆಳೆಯನ ದೇಹವನ್ನು ಕಂಡವನು. ಆ ದೃಶ್ಯ ಕನಸಿನಲ್ಲಿ ಬಿಡದೆ ಬರುತ್ತಿತ್ತು. ರಿವರ್ಸ್ ಅದನ್ನು ಮರೆ ಎನ್ನಲಿಲ್ಲ. ದೇಹದ ಆ ಸ್ಥಿತಿ ನೋಡಿದರೆ ಗೆಳೆಯ ಆ ಕ್ಷಣವೇ ಸತ್ತಿದ್ದಾನೆ, ನರಳಲಿಲ್ಲ ಎಂಬುದು ಖಚಿತವಲ್ಲವೇ ಎಂದು ತೋರಿಸಿಕೊಟ್ಟರು. ಆ ಅಧಿಕಾರಿಗೆ ಅದೇ ನೆನಪನ್ನು ಹಿಡಿದು ಕೂರಲು ಒಂದು ಹಿಡಿಕೆ ಸಿಕ್ಕಿತು, ಕನಸಿನ ಕಾಟ ಇಳಿಯಿತು. ಎಲ್ಲರಿಗೂ ಹೀಗಾಗಲಿಲ್ಲ. ಇನ್ನೊಬ್ಬನ ನೆನಪಿನಲ್ಲಿ ಇಂಥ ಯಾವ ಸಮಾಧಾನದ ಎಳೆಯೂ ಸಿಗಲಿಲ್ಲ ಎಂದೂ ರಿವರ್ಸ್ ಬಚ್ಚಿಡದೆ ಬರೆದರು.

ಈ ಘಟನೆಯನ್ನು ನೆನಪಿಟ್ಟುಕೊಳ್ಳಿ. ನೆನಪು ಅಳಿಯಲಿಲ್ಲ, ಅದರ ಹಿಡಿತ ಸಡಿಲವಾಯಿತು. ಮುಂದೆ ಬಂದ ಒಳ್ಳೆಯ ಚಿಕಿತ್ಸೆಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದನ್ನೇ ಮಾಡಿದವು.

ಹೆಸರು ಸಿಕ್ಕಿದ್ದು 1980ರಲ್ಲಿ

ಎರಡನೇ ಮಹಾಯುದ್ಧದಲ್ಲಿ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ಸೇನೆಯ ವೈದ್ಯರಾಗಿದ್ದರು. ಔಷಧಿ ಕೊಟ್ಟು ಸೈನಿಕರನ್ನು ಮಾತಾಡಿಸುವ ಆಗಿನ ಪದ್ಧತಿ ಅವರಿಗೆ ತೃಪ್ತಿ ಕೊಡಲಿಲ್ಲ. ಯುದ್ಧದ ನಂತರ ಅವರು ಬೇರೆ ಕ್ರಮ ರೂಪಿಸಿ 1958ರಲ್ಲಿ ಪುಸ್ತಕ ಬರೆದರು. ಮೈಯನ್ನು ಮೊದಲು ಸಡಿಲ ಮಾಡಿಸಿ, ಹೆದರಿಕೆ ಹುಟ್ಟಿಸುವ ಸಂಗತಿಯನ್ನು ಸ್ವಲ್ಪ ಸ್ವಲ್ಪವೇ ಮನಸ್ಸಿಗೆ ತರಿಸುವುದು ಅವರ ಕ್ರಮ. ನೀರಿಗೆ ಹೆದರುವ ಮಗುವನ್ನು ಮೊದಲು ದಡದಲ್ಲಿ ಕೂರಿಸಿ, ಆಮೇಲೆ ಪಾದ ಮುಳುಗಿಸಿ, ಆಮೇಲೆ ಮೊಣಕಾಲಿನವರೆಗೆ ಇಳಿಸುತ್ತೇವಲ್ಲ, ಹಾಗೆ. ‘ಎಷ್ಟು ಸಂಕಟವಾಗುತ್ತಿದೆ, ಅಂಕಿಯಲ್ಲಿ ಹೇಳಿ’ ಎಂದು ಕೇಳುವ ಅಳತೆಯನ್ನು ತಂದವರೂ ಅವರೇ.

ಅಮೆರಿಕ ವಿಯೆಟ್ನಾಂ ಯುದ್ಧ ಮುಗಿಸಿ ಬಂದಾಗ ಸಾವಿರಾರು ಮಾಜಿ ಸೈನಿಕರು ಅದೇ ಹಳೆಯ ಲಕ್ಷಣಗಳೊಂದಿಗೆ ಮನೆ ಸೇರಿದರು. ಅದೇ ಕಾಲಕ್ಕೆ, 1974ರಲ್ಲಿ, ಬಾಸ್ಟನ್ ನಗರದಲ್ಲಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಎಂಬ ಇಬ್ಬರು ಮಹಿಳೆಯರು ಅತ್ಯಾಚಾರಕ್ಕೆ ಒಳಗಾದವರನ್ನು ಆಸ್ಪತ್ರೆಯಲ್ಲಿ ಮಾತಾಡಿಸಿ ಅಧ್ಯಯನ ಪ್ರಕಟಿಸಿದರು. ಯುದ್ಧ ಕಂಡ ಗಂಡಸರಲ್ಲಿ ಕಾಣುವ ಬೆಚ್ಚುವಿಕೆ, ಕನಸು, ಭಯ ಇವರಲ್ಲೂ ಇತ್ತು. ಮಾಜಿ ಸೈನಿಕರು ಮತ್ತು ಅವರ ಪರ ನಿಂತ ವೈದ್ಯರು ವರ್ಷಗಟ್ಟಲೆ ಒತ್ತಾಯ ಮಾಡಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಪಿಟಿಎಸ್‌ಡಿ ಎಂಬ ಹೆಸರು ಸೇರಿಸಿತು.

ಹೆಸರು ಸಿಕ್ಕಿತು, ಆದರೆ ಮದ್ದು ಇನ್ನೂ ಸಾಲದಾಗಿತ್ತು. ನೆನಪನ್ನು ಎದುರಿಸುವ ಚಿಕಿತ್ಸೆಗಳು ಬೆಳೆಯುತ್ತಿದ್ದವು. ಅವು ಫಲ ಕೊಡುತ್ತಿದ್ದವು ನಿಜ, ಆದರೆ ನಡೆದದ್ದನ್ನು ವಿವರವಾಗಿ ಮತ್ತೆ ಮತ್ತೆ ಹೇಳಬೇಕಿತ್ತು. ಅದು ಎಲ್ಲರಿಗೂ ಆಗುವ ಕೆಲಸವಲ್ಲ.

ಉದ್ಯಾನದಲ್ಲಿ ನಡೆದಾಡಿದ ಹೆಂಗಸು

ಫ್ರಾನ್ಸಿನ್ ಶಪಿರೋ 1948ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಮೊದಲು ಓದಿದ್ದು ಇಂಗ್ಲಿಷ್ ಸಾಹಿತ್ಯ, ಶಾಲೆಯಲ್ಲಿ ಪಾಠವನ್ನೂ ಮಾಡುತ್ತಿದ್ದರು. 1979ರಲ್ಲಿ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಯಿಂದ ಗುಣವಾದ ಮೇಲೆ ಮನಸ್ಸಿಗೂ ಮೈಯ ಕಾಯಿಲೆಗೂ ಏನು ಸಂಬಂಧ ಎಂಬ ಪ್ರಶ್ನೆ ಹಿಡಿದು ಸಾಹಿತ್ಯ ಬಿಟ್ಟು ಕ್ಯಾಲಿಫೋರ್ನಿಯಾಗೆ ಹೋಗಿ ಮನಶ್ಶಾಸ್ತ್ರ ಓದತೊಡಗಿದರು.

1987ರಲ್ಲಿ ಒಂದು ದಿನ ಉದ್ಯಾನದಲ್ಲಿ ನಡೆಯುತ್ತಿದ್ದಾಗ, ಕಾಡುತ್ತಿದ್ದ ಕೆಲವು ಯೋಚನೆಗಳು ಇದ್ದಕ್ಕಿದ್ದಂತೆ ಕಡಿಮೆಯಾದದ್ದು ಅವರ ಗಮನಕ್ಕೆ ಬಂತು. ಆ ಹೊತ್ತಿನಲ್ಲಿ ತಮ್ಮ ಕಣ್ಣುಗಳು ತಾವಾಗಿಯೇ ಬೇಗ ಬೇಗ ಅತ್ತಿತ್ತ ಆಡುತ್ತಿದ್ದವು ಎಂದು ಅವರಿಗೆ ಅನ್ನಿಸಿತು. ಬೇಕೆಂದೇ ಕೆಟ್ಟ ಯೋಚನೆ ತಂದುಕೊಂಡು ಕಣ್ಣಾಡಿಸಿ ನೋಡಿದರು, ಮತ್ತೆ ಕಡಿಮೆಯಾಯಿತು. ಆಮೇಲೆ ಗೆಳೆಯರು, ಪರಿಚಿತರು ಎಂದು ಸುಮಾರು 70 ಜನರ ಮೇಲೆ ಪ್ರಯೋಗ ಮಾಡಿದರು. ಹಲವರಿಗೆ ತಾವಾಗಿಯೇ ಕಣ್ಣಾಡಿಸುವುದು ಕಷ್ಟವಾಯಿತು. ಅದಕ್ಕೇ ಬೆರಳು ಆಡಿಸಿ ‘ಇದನ್ನು ನೋಡಿ’ ಎನ್ನುವ ಕ್ರಮ ಬಂತು.

1989ರಲ್ಲಿ ಅವರು ಮೊದಲ ಅಧ್ಯಯನ ಪ್ರಕಟಿಸಿದರು. ಅದರಲ್ಲಿದ್ದವರು 22 ಜನ. ಯುದ್ಧ, ಅತ್ಯಾಚಾರ, ಬಾಲ್ಯದ ಲೈಂಗಿಕ ದೌರ್ಜನ್ಯದ ನೆನಪಿನಿಂದ ನರಳುತ್ತಿದ್ದವರು. ಒಂದೇ ಭೇಟಿಯಲ್ಲಿ ಸಂಕಟ ತುಂಬಾ ಇಳಿಯಿತು, ಮೂರು ತಿಂಗಳ ನಂತರವೂ ಹಾಗೇ ಉಳಿಯಿತು ಎಂದು ಬರೆದರು. ಕೇಳಲು ಚೆನ್ನಾಗಿತ್ತು. ಆದರೆ ಚಿಕಿತ್ಸೆ ಕೊಟ್ಟವರೂ ಅವರೇ, ಫಲ ಅಳೆದವರೂ ಅವರೇ. ರೈತ ತನ್ನ ಬೆಳೆಯನ್ನು ತಾನೇ ತೂಗಿ ತಾನೇ ದರ್ಜೆ ಕೊಟ್ಟುಕೊಂಡರೆ ಮಂಡಿಯಲ್ಲಿ ಯಾರು ಒಪ್ಪುತ್ತಾರೆ?

ಕೋಣೆಯೊಳಗೆ ಏನು ನಡೆಯುತ್ತದೆ

ಮುಂದಿನ ವರ್ಷಗಳಲ್ಲಿ ಶಪಿರೋ ಈ ಕ್ರಮವನ್ನು ತಿದ್ದುತ್ತಾ ಹೋದರು, 1995ರಲ್ಲಿ ಪೂರ್ತಿ ಪುಸ್ತಕ ಬರೆದರು. ಈಗ ಇದರಲ್ಲಿ ಎಂಟು ಹಂತಗಳಿವೆ. ಬೆರಳಾಡಿಸುವುದು ಬರುವುದು ನಾಲ್ಕನೇ ಹಂತದಲ್ಲಿ.

ಮೊದಲು ಚಿಕಿತ್ಸಕರು ನಿಮ್ಮ ಬದುಕಿನ ಕತೆ ಕೇಳುತ್ತಾರೆ. ಎರಡನೆಯದು ತಯಾರಿ: ಸಂಕಟ ಜಾಸ್ತಿಯಾದರೆ ಹೇಗೆ ಸುಧಾರಿಸಿಕೊಳ್ಳಬೇಕು, ಬೇಡ ಅನ್ನಿಸಿದರೆ ಕೈ ಎತ್ತಿ ಹೇಗೆ ನಿಲ್ಲಿಸಬೇಕು ಎಂದು ಹೇಳಿಕೊಡುತ್ತಾರೆ. ಮೂರನೆಯದರಲ್ಲಿ ಒಂದು ನೆನಪನ್ನು ಆರಿಸುತ್ತಾರೆ. ಅದರ ಅತಿ ಕೆಟ್ಟ ಚಿತ್ರ ಯಾವುದು, ಅದು ನಿಮ್ಮ ಬಗ್ಗೆ ನಿಮಗೆ ಏನು ಹೇಳುತ್ತದೆ, ಮೈಯಲ್ಲಿ ಎಲ್ಲಿ ಬಿಗಿಯುತ್ತದೆ ಎಂದು ಕೇಳುತ್ತಾರೆ. ‘ನಾನು ಅವನನ್ನು ಉಳಿಸಬಹುದಿತ್ತು’ ಎಂಬಂಥ ಮಾತು ಇಲ್ಲಿ ಹೊರಬರುತ್ತದೆ. ಸಂಕಟಕ್ಕೆ 0ಯಿಂದ 10ರೊಳಗೆ ಅಂಕಿ ಕೊಡಬೇಕು. ಇದು ವೋಲ್ಪೆ ತಂದ ಅಳತೆಯೇ.

ನಾಲ್ಕನೆಯದರಲ್ಲಿ ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆರಳನ್ನು ಹಿಂಬಾಲಿಸಬೇಕು. ಅರ್ಧ ನಿಮಿಷದಷ್ಟು ಹೊತ್ತು ಆಡಿಸಿ ನಿಲ್ಲಿಸುತ್ತಾರೆ. ‘ಈಗ ಏನು ಬಂತು?’ ಎಂದಷ್ಟೇ ಕೇಳುತ್ತಾರೆ. ಎರಡು ಮಾತು ಹೇಳಿದರೆ ಸಾಕು. ಮತ್ತೆ ಆಡಿಸುತ್ತಾರೆ. ಅಂಕಿ ಇಳಿಯುವವರೆಗೆ ಹೀಗೇ ಸಾಗುತ್ತದೆ. ಐದನೆಯದರಲ್ಲಿ ಹಳೆಯ ಮಾತಿನ ಜಾಗಕ್ಕೆ ‘ನನ್ನಿಂದ ಆದಷ್ಟು ಮಾಡಿದೆ’ ಎಂಬಂಥ ಮಾತನ್ನು ಕೂರಿಸುತ್ತಾರೆ. ಆರನೆಯದರಲ್ಲಿ ಮೈಯಲ್ಲಿ ಬಿಗಿತ ಉಳಿದಿದೆಯೇ ನೋಡುತ್ತಾರೆ. ಏಳನೆಯದು ಸಮಾಧಾನವಾಗಿ ಮುಗಿಸಿ ಮನೆಗೆ ಕಳಿಸುವುದು. ಮುಂದಿನ ಭೇಟಿಯಲ್ಲಿ ಏನು ಉಳಿದಿದೆ ಎಂದು ನೋಡುವುದು ಎಂಟನೆಯದು. ಒಂದು ಭೇಟಿ 60ರಿಂದ 90 ನಿಮಿಷ ಹಿಡಿಯುತ್ತದೆ. ನಡುವಿನ ದಿನಗಳಲ್ಲಿ ಕನಸು, ಅಳು ಸ್ವಲ್ಪ ಹೆಚ್ಚಾಗುವುದೂ ಉಂಟು. ಅದಕ್ಕೇ ತಯಾರಿಯ ಹಂತವನ್ನು ಬಿಡುವಂತಿಲ್ಲ.

ಇದರಲ್ಲಿ ನಮ್ಮ ಓದುಗರು ಗಮನಿಸಬೇಕಾದ ಒಂದು ಸಂಗತಿ ಇದೆ. ನಡೆದದ್ದನ್ನೆಲ್ಲ ಬಿಡಿಸಿ ಹೇಳಲೇಬೇಕು ಎಂಬ ಒತ್ತಾಯ ಇಲ್ಲಿಲ್ಲ. ಮಾನ ಹೋಗುತ್ತದೆ ಎಂದು ಬಾಯಿ ಮುಚ್ಚಿಕೊಂಡ ಹೆಣ್ಣುಮಗಳಿಗೆ, ಅಳುವುದು ಗಂಡಸಿನ ಲಕ್ಷಣವಲ್ಲ ಎಂದು ಕಲಿತ ಹುಡುಗನಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

‘ಇದು ಮಂಕುಬೂದಿ’ ಎಂದವರು

ಅಮೆರಿಕದಲ್ಲಿ ಈ ಚಿಕಿತ್ಸೆ ಕಾಳ್ಗಿಚ್ಚಿನಂತೆ ಹರಡಿತು. ಹಣ ಕೊಟ್ಟು ತರಬೇತಿ ಪಡೆಯಲು ಸಾವಿರಾರು ಚಿಕಿತ್ಸಕರು ಮುಗಿಬಿದ್ದರು. ಕಲಿತವರು ತಾವಾಗಿ ಇನ್ನೊಬ್ಬರಿಗೆ ಕಲಿಸುವಂತಿಲ್ಲ ಎಂಬ ಷರತ್ತೂ ಇತ್ತು. ಪುರಾವೆಗಿಂತ ಪ್ರಚಾರ ಮುಂದೆ ಓಡಿದಾಗ ವಿಜ್ಞಾನಿಗಳು ಅನುಮಾನಪಟ್ಟದ್ದು ಸಹಜ.

ಹಾರ್ವರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಮೆಕ್‌ನ್ಯಾಲಿ 1999ರಲ್ಲಿ ಇದನ್ನು ಮೆಸ್ಮರನ ಆಟಕ್ಕೆ ಹೋಲಿಸಿದರು. ಮೆಸ್ಮರ್ ಅಂದರೆ 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಕಾಣದ ಕಾಂತಶಕ್ತಿಯಿಂದ ರೋಗ ವಾಸಿ ಮಾಡುತ್ತೇನೆ ಎಂದು ಹೆಸರು ಮಾಡಿದ್ದ ವೈದ್ಯ. 1784ರಲ್ಲಿ ಫ್ರಾನ್ಸಿನ ರಾಜ ಅದರ ಪರೀಕ್ಷೆಗೆ ಒಂದು ಸಮಿತಿ ಮಾಡಿದ. ಅದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಇದ್ದರು. ಫ್ರಾಂಕ್ಲಿನ್ನರ ತೋಟದಲ್ಲಿ ಒಂದು ಮರಕ್ಕೆ ಮಾತ್ರ ಶಕ್ತಿ ತುಂಬಿಸಿ, ಕಣ್ಣು ಕಟ್ಟಿದ ಹುಡುಗನೊಬ್ಬನನ್ನು ಬೇರೆ ಬೇರೆ ಮರಗಳ ಬಳಿ ಕರೆದೊಯ್ದರು. ಹುಡುಗ ಶಕ್ತಿ ತುಂಬಿದ ಮರವನ್ನು ಮುಟ್ಟುವ ಮೊದಲೇ ಬೇರೆ ಮರದ ಕೆಳಗೆ ಎಚ್ಚರ ತಪ್ಪಿ ಬಿದ್ದ. ಕೆಲಸ ಮಾಡಿದ್ದು ಕಾಂತಶಕ್ತಿ ಅಲ್ಲ, ನಂಬಿಕೆ ಎಂದು ಸಮಿತಿ ಹೇಳಿತು.

ಇಎಂಡಿಆರ್‌ಗೂ ಅದೇ ಬಗೆಯ ಪರೀಕ್ಷೆ ಬೇಕಿತ್ತು. ಎರಡು ಪ್ರಶ್ನೆಗಳಿದ್ದವು. ಒಂದು, ಚಿಕಿತ್ಸೆಯಿಂದ ಗುಣವಾಗುತ್ತದೆಯೇ? ಎರಡು, ಗುಣವಾಗುವುದಾದರೆ ಕಣ್ಣಾಡಿಸುವುದಕ್ಕೂ ಅದಕ್ಕೂ ಸಂಬಂಧ ಇದೆಯೇ, ಅಥವಾ ನೆನಪನ್ನು ಎದುರಿಸುವುದರಿಂದಲೇ ಗುಣವಾಗುತ್ತಿದೆಯೇ?

2001ರಲ್ಲಿ ಡೇವಿಡ್‌ಸನ್ ಮತ್ತು ಪಾರ್ಕರ್ ಎಂಬುವರು 34 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಮೊದಲ ಪ್ರಶ್ನೆಗೆ ಹೌದು ಎಂಬ ಉತ್ತರ ಬಂತು. ಚಿಕಿತ್ಸೆ ಇಲ್ಲದಿರುವುದಕ್ಕಿಂತ ಇದು ಮೇಲು, ನೆನಪನ್ನು ಎದುರಿಸುವ ಇತರ ಚಿಕಿತ್ಸೆಗಳಿಗೆ ಸಮ. ಎರಡನೆಯದಕ್ಕೆ ಇಲ್ಲ ಎಂಬ ಉತ್ತರ: ಕಣ್ಣಾಡಿಸಿದರೂ ಆಡಿಸದಿದ್ದರೂ ಫಲ ಒಂದೇ. ವಿಮರ್ಶಕರು ಗೆದ್ದಂತೆ ಕಂಡಿತು. ಆದರೆ 2013ರಲ್ಲಿ ಕ್ರಿಸ್ಟೋಫರ್ ಲೀ ಮತ್ತು ಪಿಮ್ ಕೈಪರ್ಸ್ ಹೊಸ ಅಧ್ಯಯನಗಳನ್ನೂ ಸೇರಿಸಿ ನೋಡಿದಾಗ, ಕಣ್ಣಾಡಿಸುವುದರಿಂದ ಹೆಚ್ಚುವರಿ ಉಪಯೋಗ ಇದೆ ಎಂದು ಬಂತು. ಆ ವಾದ ಇನ್ನೂ ಪೂರ್ತಿ ಮುಗಿದಿಲ್ಲ.

ಕಣ್ಣು ಆಡಿದರೆ ಏನಾಗುತ್ತದೆ

ಶಪಿರೋ ಕೊಟ್ಟ ವಿವರಣೆ ಹೀಗಿತ್ತು: ಹೊಟ್ಟೆ ಅನ್ನವನ್ನು ಅರಗಿಸಿದಂತೆ ಮಿದುಳು ಅನುಭವವನ್ನು ಅರಗಿಸುತ್ತದೆ, ಆಘಾತವಾದಾಗ ಆ ಕೆಲಸ ನಿಂತುಹೋಗುತ್ತದೆ, ಚಿಕಿತ್ಸೆ ಅದನ್ನು ಮತ್ತೆ ಶುರು ಮಾಡುತ್ತದೆ. ಎಡ ಬಲ ಕಣ್ಣಾಡಿಸಿದರೆ ಮಿದುಳಿನ ಎಡ ಬಲ ಭಾಗಗಳು ಕೂಡಿ ಕೆಲಸ ಮಾಡುತ್ತವೆ ಎಂದು ಕೆಲವರು ಹೇಳಿದರು. ಕನಸು ಕಾಣುವಾಗ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಆಡುತ್ತದಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದರು ಇನ್ನು ಕೆಲವರು.

ಪರೀಕ್ಷೆ ಮಾಡಿದಾಗ ಎಡ-ಬಲದ ಕತೆ ಸೊರಗಿತು. ಕಣ್ಣನ್ನು ಮೇಲೆ ಕೆಳಗೆ ಆಡಿಸಿದರೂ ಕೆಟ್ಟ ನೆನಪಿನ ತೀಕ್ಷ್ಣತೆ ಕಡಿಮೆಯಾಗುತ್ತಿತ್ತು. ಚಿತ್ರ ಬಿಡಿಸುವ, ಹಿಂದುಮುಂದಾಗಿ ಲೆಕ್ಕ ಎಣಿಸುವಂಥ ಗಮನ ಬೇಡುವ ಕೆಲಸ ಕೊಟ್ಟರೂ ಕಡಿಮೆಯಾಗುತ್ತಿತ್ತು. ಇದರ ಮೇಲೆ ನೆದರ್ಲೆಂಡ್ಸಿನ ಮಾರ್ಸೆಲ್ ವಾನ್ ಡೆನ್ ಹೌಟ್ ಮತ್ತು ಅವರ ಸಂಗಡಿಗರು ತುಂಬಾ ಪ್ರಯೋಗ ನಡೆಸಿದರು. ಈಗ ಹೆಚ್ಚು ಬೆಂಬಲ ಇರುವ ವಿವರಣೆ ಅಲ್ಲಿಂದ ಬಂದದ್ದು.

ನಿಮ್ಮ ಕೈಯಲ್ಲಿರುವ ಮೊಬೈಲಿನಿಂದಲೇ ಇದನ್ನು ಹೇಳಬಹುದು. ಕಡಿಮೆ ರ‍್ಯಾಮ್ ಇರುವ ಫೋನಿನಲ್ಲಿ ವಿಡಿಯೊ ನೋಡುವಾಗ ಇನ್ನೊಂದು ಭಾರವಾದ ಆ್ಯಪ್ ತೆರೆದರೆ ವಿಡಿಯೊ ತಡವರಿಸುತ್ತದೆ. ಮನಸ್ಸಿನಲ್ಲಿ ಆ ಕ್ಷಣಕ್ಕೆ ಹಿಡಿದಿಡುವ ಜಾಗವೂ ಚಿಕ್ಕದು. ಅದರಲ್ಲಿ ಕೆಟ್ಟ ನೆನಪೂ ಇದೆ, ಬೆರಳು ಹಿಂಬಾಲಿಸುವ ಕೆಲಸವೂ ಇದೆ. ಎರಡಕ್ಕೂ ಜಾಗ ಸಾಲದೆ ನೆನಪಿನ ಚಿತ್ರ ಮಸುಕಾಗುತ್ತದೆ. ಒಮ್ಮೆ ಹೊರತೆಗೆದ ನೆನಪು ವಾಪಸ್ ಹೋಗುವಾಗ ಈಗ ಇದ್ದ ಸ್ಥಿತಿಯಲ್ಲೇ ಕೂಡಿಕೊಳ್ಳುತ್ತದೆ ಎಂಬುದು ಈ ವಿವರಣೆಯ ಇನ್ನರ್ಧ. ಹಗೇವಿನಿಂದ ತೆಗೆದ ಮುಗ್ಗಲು ಜೋಳವನ್ನು ಬಿಸಿಲಿಗೆ ಹಾಕಿ ಮತ್ತೆ ತುಂಬಿಡುತ್ತೇವಲ್ಲ, ಹಾಗೆ. ಜೋಳ ಅದೇ, ಮುಗ್ಗು ಕಡಿಮೆ.

2019ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಹೆದರಿಕೆ ಕಲಿಸಿದ್ದ ಇಲಿಗಳ ಎದುರು ಬೆಳಕನ್ನು ಅತ್ತಿತ್ತ ಆಡಿಸಿ, ಅವುಗಳ ಭಯ ಇಳಿಯುವುದನ್ನೂ ಅದಕ್ಕೆ ಕಾರಣವಾದ ಮಿದುಳಿನ ದಾರಿಯನ್ನೂ ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಇಲಿಗೆ ಚಿಕಿತ್ಸಕರ ಮೇಲೆ ನಂಬಿಕೆ ಇರುವುದಿಲ್ಲವಲ್ಲ. ಹಾಗಾಗಿ ‘ಎಲ್ಲ ನಂಬಿಕೆಯ ಆಟ’ ಎಂಬ ಮಾತಿಗೆ ಇದು ಒಂದು ಉತ್ತರವಾಯಿತು.

ಈ ನಡುವೆ ದೇಶಗಳ ಮಾರ್ಗಸೂಚಿಗಳಲ್ಲಿ ಇದಕ್ಕೆ ಜಾಗ ಸಿಕ್ಕಿತು. ಬ್ರಿಟನ್ 2005ರಲ್ಲಿ ಸೇರಿಸಿತು. ಆದರೆ ಅಲ್ಲಿನ 2018ರ ಮಾರ್ಗಸೂಚಿ ಯುದ್ಧಕ್ಕೆ ಸಂಬಂಧಿಸದ ಆಘಾತಗಳಿಗೆ ಮಾತ್ರ ಇದನ್ನು ಸೂಚಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಪಿಟಿಎಸ್‌ಡಿ ಇರುವ ದೊಡ್ಡವರಿಗೂ ಮಕ್ಕಳಿಗೂ ಇದನ್ನು, ಇದರ ಜೊತೆಗೇ ಆಘಾತದ ಮೇಲೆ ಗಮನವಿಡುವ ಮಾತಿನ ಚಿಕಿತ್ಸೆಯನ್ನು ಹೇಳಿತು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2017ರಲ್ಲಿ ಮಾತಿನ ಚಿಕಿತ್ಸೆಗಳಿಗೆ ಬಲವಾದ ಶಿಫಾರಸು, ಇದಕ್ಕೆ ಷರತ್ತಿನ ಶಿಫಾರಸು ಕೊಟ್ಟಿತು. ಅಂದರೆ ಇದು ಪವಾಡವೂ ಅಲ್ಲ, ಮೋಸವೂ ಅಲ್ಲ. ಇರುವ ಎರಡು ಮೂರು ಒಳ್ಳೆಯ ದಾರಿಗಳಲ್ಲಿ ಒಂದು. ಶಪಿರೋ 2019ರ ಜೂನ್‌ನಲ್ಲಿ ತೀರಿಕೊಂಡರು.

ಬಿರುಗಾಳಿ, ಭೂಕಂಪ, ವಿಷಾನಿಲ

1995ರ ಏಪ್ರಿಲ್‌ನಲ್ಲಿ ಅಮೆರಿಕದ ಒಕ್ಲಹಾಮಾ ನಗರದಲ್ಲಿ ಸರ್ಕಾರಿ ಕಟ್ಟಡಕ್ಕೆ ಬಾಂಬ್ ಇಟ್ಟು 168 ಜನರನ್ನು ಕೊಂದಾಗ, ಇಎಂಡಿಆರ್ ಕಲಿತವರು ಅಲ್ಲಿಗೆ ಹೋಗಿ ಉಚಿತವಾಗಿ ಕೆಲಸ ಮಾಡಿದರು. ವಿಪತ್ತು ನಡೆದ ಕಡೆ ಹೋಗುವ ಪದ್ಧತಿ ಅಲ್ಲಿಂದ ಬೆಳೆಯಿತು.

1997ರ ಅಕ್ಟೋಬರ್‌ನಲ್ಲಿ ಪಾಲಿನ್ ಚಂಡಮಾರುತ ಮೆಕ್ಸಿಕೋದ ಅಕಾಪುಲ್ಕೋ ಊರನ್ನು ಹೊಡೆಯಿತು. ಮಕ್ಕಳು ನೂರಾರು, ಚಿಕಿತ್ಸಕರು ಬೆರಳೆಣಿಕೆ. ಒಬ್ಬೊಬ್ಬರ ಎದುರು ಕೂತು ಬೆರಳಾಡಿಸುವುದು ಆಗದ ಮಾತು. ಆಗ ಲೂಸಿನಾ ಅರ್ಟಿಗಾಸ್ ಎಂಬ ಚಿಕಿತ್ಸಕಿ ಒಂದು ಉಪಾಯ ಕಂಡುಕೊಂಡರು. ಮಕ್ಕಳು ಎದೆಯ ಮೇಲೆ ಕೈಗಳನ್ನು ಕತ್ತರಿಯಾಗಿ ಇಟ್ಟುಕೊಂಡು, ಚಿಟ್ಟೆ ರೆಕ್ಕೆ ಬಡಿದಂತೆ ಒಂದಾದ ಮೇಲೊಂದು ಕೈಯಿಂದ ತಾವೇ ಮೆಲ್ಲಗೆ ತಟ್ಟಿಕೊಳ್ಳುವುದು. ಅದಕ್ಕೆ ‘ಚಿಟ್ಟೆ ಅಪ್ಪುಗೆ’ ಎಂದು ಹೆಸರಾಯಿತು. ಮಕ್ಕಳು ಗುಂಪಾಗಿ ಕೂತು ಕಂಡದ್ದನ್ನು ಚಿತ್ರ ಬಿಡಿಸಿ, ತಟ್ಟಿಕೊಂಡು, ಮತ್ತೆ ಚಿತ್ರ ಬಿಡಿಸುವ ಗುಂಪು ಚಿಕಿತ್ಸೆ ಅಲ್ಲಿ ರೂಪುಗೊಂಡಿತು. 2001ರ ಜನವರಿ 26ರಂದು ಗುಜರಾತಿನ ಕಛ್‌ನಲ್ಲಿ ಭೂಕಂಪವಾದ ನಂತರ ಭಾರತದ ಚಿಕಿತ್ಸಕರೂ ಇಎಂಡಿಆರ್ ತರಬೇತಿ ಪಡೆದರು.

ನಮ್ಮ ದೇಶದಲ್ಲಿ ವಿಪತ್ತಿನ ನಂತರದ ಮನಸ್ಸಿನ ಆರೈಕೆ ಅದಕ್ಕೂ ಮೊದಲೇ ಶುರುವಾಗಿತ್ತು. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿದಾಗ ಎಲ್ಲರ ಗಮನ ಕಣ್ಣು, ಶ್ವಾಸಕೋಶದ ಮೇಲಿತ್ತು. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ, ಮನಸ್ಸಿನ ಗಾಯವನ್ನು ಗುರುತಿಸಿ ಆರೈಕೆ ಮಾಡುವುದನ್ನು ಸಾಮಾನ್ಯ ವೈದ್ಯರಿಗೆ ಕಲಿಸಿದರು. ಮನೋವೈದ್ಯರು ಕಡಿಮೆ ಇರುವ ಕಡೆ ಇರುವವರಿಗೇ ಕಲಿಸಬೇಕು ಎಂಬ ಆ ದಾರಿ ನಮ್ಮ ಹಳ್ಳಿಗಳಿಗೆ ಇವತ್ತಿಗೂ ಬೇಕು.

ನಾವು ಮಾಡಬಹುದಾದದ್ದು

ಈ ಕತೆ ಓದಿ ಯೂಟ್ಯೂಬಿನಲ್ಲಿ ಚೆಂಡು ಅತ್ತಿತ್ತ ಹೋಗುವ ವಿಡಿಯೊ ಹಾಕಿಕೊಂಡು ಮನೆಯಲ್ಲೇ ಮಾಡಲು ಹೋಗಬೇಡಿ, ಇನ್ನೊಬ್ಬರಿಗೆ ಮಾಡಿಸಲೂಬೇಡಿ. ನೆನಪು ಕೆದಕುವುದು ಸುಲಭ, ಕೆದಕಿದ ಮೇಲೆ ಹಿಡಿದು ನಿಲ್ಲಿಸುವವರು ಜೊತೆಗಿರಬೇಕು. ಬೆರಳಾಡಿಸಿ ಒಂದೇ ದಿನದಲ್ಲಿ ಎಲ್ಲ ವಾಸಿ ಮಾಡುತ್ತೇನೆ ಎಂದು ಹಣ ಕೇಳುವವರು ಸಿಕ್ಕರೆ ಮನಶ್ಶಾಸ್ತ್ರ ಅಥವಾ ಮನೋವೈದ್ಯಶಾಸ್ತ್ರ ಎಲ್ಲಿ ಓದಿದ್ದೀರಿ, ಇಎಂಡಿಆರ್ ತರಬೇತಿ ಎಲ್ಲಿ ಆಯಿತು ಎಂದು ಕೇಳಿ. ಕೇಳಲು ಸಂಕೋಚ ಬೇಡ.

ಇಎಂಡಿಆರ್ ಕಲಿತವರು ಹೆಚ್ಚಾಗಿ ಸಿಗುವುದು ದೊಡ್ಡ ಊರುಗಳಲ್ಲಿ. ಅವರು ಸಿಗದಿದ್ದರೆ ದಾರಿ ಮುಚ್ಚಿತು ಎಂದಲ್ಲ, ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆಯೂ ಅಷ್ಟೇ ಫಲ ಕೊಡುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿಭಾಗ ಎಲ್ಲಿದೆ ಎಂದು ಕೇಳಿ. ಆಘಾತವಾದ ಮೊದಲ ವಾರಗಳಲ್ಲಿ ಬರೀ ನಿದ್ದೆ ಮಾತ್ರೆ ನುಂಗಿಸಿ ಮಲಗಿಸುವುದು ಪರಿಹಾರ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಎಚ್ಚರಿಸಿದೆ. ಈಗಾಗಲೇ ಮಾತ್ರೆ ತಿನ್ನುತ್ತಿರುವವರು ಮಾತ್ರ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ನೊಂದವರ ಜೊತೆ ಇರುವವರಿಗೂ ಕೆಲಸ ಇದೆ. ‘ಮರೆತುಬಿಡು’ ಎನ್ನುವ ಬದಲು ‘ನೆನಪಾದಾಗ ಹೇಳು, ನಾನಿದ್ದೀನಿ’ ಅನ್ನಿ. ಹೇಳು ಹೇಳು ಎಂದು ಒತ್ತಾಯ ಮಾಡುವುದೂ ಬೇಡ. ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೆ ಪಕ್ಕದಲ್ಲಿರಿ. ತಿಂಗಳು ಕಳೆದರೂ ಬೆಚ್ಚುವುದು, ಕನಸು, ಕುಡಿತ, ಜೀವ ಬೇಡ ಎಂಬ ಮಾತು ನಿಲ್ಲದಿದ್ದರೆ ಕಾಯಬೇಡಿ. ಜೀವ ಬೇಡ ಎಂಬ ಮಾತು ಬಂದರಂತೂ ತಿಂಗಳೂ ಕಾಯಬೇಡಿ, ಅವತ್ತೇ ಫೋನ್ ಮಾಡಿ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಊರಿನ ಗ್ರೂಪಿಗೂ ಕಳಿಸಿ.